ಶಿವದಾರದ ಕೆಳಗಿನ ಗಂಟು

ಹೊಸದಾಗಿ ಸರ್ಜರಿಗೆ ಸೇರಿದ ಹುಡುಗ ಹುಡುಗಿಯರು ಆಗಾಗ ಶಹಾಬಾದಿನ ನಮ್ಮ ಮನೆಗೆ ಬರುತ್ತಾರೆ. ಫರಸಿಕಲ್ಲಿನ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಚಹಾ ಕುಡಿಯುತ್ತಾರೆ. ಆಮೇಲೆ ತಪ್ಪದೆ ಒಂದು ಪ್ರಶ್ನೆ ಕೇಳುತ್ತಾರೆ: "ಮೇಡಂ, ನೀವು ಮಾಡಿದ ಎಲ್ಲಕ್ಕಿಂತ ದೊಡ್ಡ ಆಪರೇಷನ್ ಯಾವುದು?"

ಈ ಪ್ರಶ್ನೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ದೊಡ್ಡದು ಎಂದರೇನು? ಗಾಯ ದೊಡ್ಡದೇ, ಹೊತ್ತು ಹೆಚ್ಚು ಹಿಡಿದದ್ದೇ, ಒಳಗಿಂದ ಕಿತ್ತು ತೆಗೆದದ್ದು ದೊಡ್ಡದೇ? ಆಪರೇಷನ್ ಆದ ಮೇಲೆ ಆ ರೋಗಿ ಮನೆಗೆ ಹೋಗಿ ಏನು ತಿಂದ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದು ಯಾರಿಗೂ ಬೇಡದ ಸಂಗತಿ. ಚಿಂಚೋಳಿ, ಸೇಡಂ, ಚಿತ್ತಾಪುರ ಎಂದು ಸರಕಾರಿ ಆಸ್ಪತ್ರೆಗಳಲ್ಲಿ ಹೊಟ್ಟೆ ಕೊಯ್ದು ಹೊಲಿದು ನಿವೃತ್ತಳಾದವಳು ನಾನು. ಜಠರದ ಕ್ಯಾನ್ಸರ್ ಬಲಿತ ಮೇಲೆ ಕೈಗೆ ಬಂದ ರೋಗಿಗೆ ನಮ್ಮ ಕತ್ತಿ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದಷ್ಟನ್ನೇ ಹೇಳುತ್ತೇನೆ. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಕಾಯ್ದೆ. ಇಳಿಯಲಿಲ್ಲ. ಹೀಗಾಗಿ ಸಿಟ್ಟಿನಲ್ಲೇ ಬರೆದಿದ್ದೇನೆ, ಸಹಿಸಿಕೊಳ್ಳಿ.

ಮೊದಲ ಸಿಟ್ಟು ಗ್ಯಾಸ್ ಎಂಬ ಪದದ ಮೇಲೆ. ನಮ್ಮ ಕಡೆ ಎದೆ ನೋವು ಗ್ಯಾಸ್, ಬೆನ್ನು ನೋವು ಗ್ಯಾಸ್, ಸೊಸೆಯ ಮೇಲಿನ ಅಸಮಾಧಾನವೂ ಗ್ಯಾಸ್. ಮನುಷ್ಯ ಚೆನ್ನಾಗಿದ್ದಾನೋ ಇಲ್ಲವೋ ಎಂದು ಅಳೆಯುವುದು ಜೋಳದ ರೊಟ್ಟಿಯಿಂದ. ರೊಟ್ಟಿ ಬಿಟ್ಟು ಅನ್ನಕ್ಕೆ ಬಂದರೆ ಗ್ಯಾಸಿನ ಗುಳಿಗೆ. ಅನ್ನ ಬಿಟ್ಟು ಗಂಜಿಗೆ ಬಂದರೆ ಇನ್ನೂ ತುಸು ಬಣ್ಣದ ಗುಳಿಗೆ. ಗಂಜಿಯೂ ನಿಲ್ಲದಾದಾಗ ಬಾಟಲಿಯಲ್ಲಿ ಗುಲಾಬಿ ಔಷಧ. ಇದೆಲ್ಲ ಮೆಡಿಕಲ್ ಅಂಗಡಿಯ ಕಟ್ಟೆಯ ಮೇಲೆ ನಡೆಯುವ ವೈದ್ಯ. ಅಂಗಡಿಯವನನ್ನು ಬೈದು ಸುಮ್ಮನಾಗುವಂತಿಲ್ಲ, ನಮ್ಮ ಓಪಿಡಿಯಲ್ಲೂ ಇದೇ ನಡೆಯುತ್ತದೆ. ಕುರ್ಚಿಯಿಂದ ಏಳದೆ, ರೋಗಿಯನ್ನು ಮಲಗಿಸದೆ, ಹೊಟ್ಟೆಗೆ ಕೈ ಹಚ್ಚದೆ ಚೀಟಿ ಬರೆಯುತ್ತೇವೆ. ಕೊನೆಗೆ ಅವರು ನನ್ನಂಥವಳ ಮುಂದೆ ಬರುವಾಗ ನಿನ್ನೆ ತಿಂದದ್ದು ಇವತ್ತು ವಾಂತಿಯಲ್ಲಿ ಹಾಗೆಯೇ ಹೊರಗೆ ಬರುತ್ತಿರುತ್ತದೆ. ಜಠರದ ಕೆಳಬಾಯಿ ಗಡ್ಡೆಯಿಂದ ಮುಚ್ಚಿಹೋಗಿರುತ್ತದೆ.

ಎರಡನೆಯ ಸಿಟ್ಟು ನಮ್ಮ ಮೇಲೆಯೇ. ಚಿಂಚೋಳಿಯಲ್ಲಿದ್ದಾಗ ಐನಾಪುರದಿಂದ ಒಬ್ಬ ಮುದುಕನನ್ನು ಅವನ ಮಗಳು ಕರೆತಂದಿದ್ದಳು. ಆಪರೇಷನ್ ಎಂದ ಕೂಡಲೇ ಅವಳು ಅಪ್ಪನ ಹೊಟ್ಟೆಯ ಮೇಲೆ ಧೋತರ ಎಳೆದು ಮುಚ್ಚಿಬಿಟ್ಟಳು. ನಮ್ಮ ಕಡೆ ಡಾಕ್ಟರಮ್ಮನನ್ನು ಬಾಯಿ ಎಂದು ಕರೆಯುತ್ತಾರೆ.

"ಕತ್ತಿ ಹಚ್ಚಬ್ಯಾಡ್ರಿ ಬಾಯಿ. ಗಾಳಿ ತಾಗಿದ್ರ ಹಬ್ಬತದ. ನಮ್ಮ ಕಾಕಾಗ ಹಂಗೇ ಆಯ್ತು. ಹೊಟ್ಟಿ ತೆಗೆದ್ರು, ಹೊಲಿದ್ರು, ಅಮಾಸಿ ದಾಟಲಿಲ್ಲ, ಹೋದ."

ನನ್ನ ಜೊತೆಗಿದ್ದ ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ಗಾಳಿ ತಾಗಿ ಕ್ಯಾನ್ಸರ್ ಹಬ್ಬುವುದಿಲ್ಲ, ಅದು ನಿಜ. ಆದರೆ ಈ ನಂಬಿಕೆಯನ್ನು ಹುಟ್ಟಿಸಿದವರು ನಾವೇ. ಆಗ ಹಳ್ಳಿಗಾಡಿನಲ್ಲಿ ಸ್ಕ್ಯಾನ್ ಇರಲಿಲ್ಲ. ಒಳಗೆ ಏನಿದೆ ಎಂದು ನೋಡಲು ಹೊಟ್ಟೆಯನ್ನೇ ತೆರೆಯುತ್ತಿದ್ದೆವು. ಸಾಸಿವೆ ಚೆಲ್ಲಿದ ಹಾಗೆ ಕರುಳಿನ ಪೊರೆಯ ಮೇಲೆಲ್ಲ ರೋಗ ಕಂಡರೆ ಮತ್ತೆ ಹೊಲಿದು ಹೊರಗೆ ಬಂದು "ಆಪರೇಷನ್ ಆಯಿತು" ಎನ್ನುತ್ತಿದ್ದೆವು. ಏನಾಯಿತು, ಏನಾಗಲಿಲ್ಲ ಎಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ನಡೆದುಕೊಂಡು ಬಂದವನು ಹೊಲಿಗೆ ಹಾಕಿಸಿಕೊಂಡು ಹೋಗಿ ಸತ್ತರೆ ಮನೆಯವರು ಇನ್ನೇನು ತಿಳಿದುಕೊಳ್ಳಬೇಕು? ಆ ಮಗಳ ತರ್ಕದಲ್ಲಿ ತಪ್ಪಿರಲಿಲ್ಲ, ನಮ್ಮ ಬಾಯಲ್ಲಿ ಸತ್ಯವಿರಲಿಲ್ಲ.

ಇನ್ನು ಮೂರನೆಯದು. ಅದನ್ನು ಹೇಳುವ ಮುಂಚೆ ಒಂದು ವಿಷಯ ತಿಳಿದಿರಲಿ. ಜಠರದ ಕ್ಯಾನ್ಸರ್ ದೂರಕ್ಕೆ ಹಬ್ಬಿದಾಗ ಕೆಲವರಲ್ಲಿ ಎಡಗಡೆಯ ಕೊರಳೆಲುಬಿನ ಮೇಲೆ, ಕುತ್ತಿಗೆಯ ಬುಡದಲ್ಲಿ, ಒಂದು ಗಟ್ಟಿ ಗಂಟು ಕಾಣಿಸಿಕೊಳ್ಳುತ್ತದೆ. ಹೊಟ್ಟೆಯ ರೋಗ ಕುತ್ತಿಗೆಯಲ್ಲಿ ಬಂದು ಗುರುತು ಹೇಳುತ್ತದೆ. ಅದು ರೋಗದ್ದೇ ಗಂಟು ಎಂದು ಖಾತ್ರಿಯಾದರೆ ಜಠರವನ್ನು ಕಿತ್ತು ತೆಗೆದು ಗುಣಪಡಿಸುವ ಕಾಲ ಮುಗಿಯಿತು ಎಂದರ್ಥ. ಅದನ್ನು ಹುಡುಕಲು ಯಂತ್ರ ಬೇಡ, ಒಂದು ಬೆರಳು ಸಾಕು. ಆದರೆ ನಮ್ಮ ಸೀಮೆಯಲ್ಲಿ ಲಿಂಗವಂತರ ಇಷ್ಟಲಿಂಗದ ಕರಡಿಗೆಯನ್ನು ಹೊತ್ತ ಶಿವದಾರ ಸರಿಯಾಗಿ ಆ ಜಾಗದ ಮೇಲೆಯೇ ಹಾದುಹೋಗುತ್ತದೆ. ಗಂಟು ಕೈಗೆ ಹತ್ತಿದರೆ ಅವರು ದಾರ ತಿಕ್ಕಿ ಆಗಿದೆ ಎಂದುಕೊಳ್ಳುತ್ತಾರೆ. ಅರಿಷಿಣ ಹಚ್ಚುತ್ತಾರೆ, ನೂಲಿನ ದಾರ ತೆಗೆದು ರೇಷ್ಮೆಯದು ಹಾಕಿಕೊಳ್ಳುತ್ತಾರೆ. ಡಾಕ್ಟರುಗಳೋ, ದಾರಕ್ಕೆ ಅಂಜಿ ಬೆರಳು ಹಿಂದೆಗೆದುಕೊಳ್ಳುತ್ತಾರೆ.

ನಾನು ಕೆಲಸಕ್ಕೆ ಸೇರಿದ ಹೊಸತು. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ. ಅಲ್ಲಿನ ಹಿರಿಯ ಸರ್ಜನ್‌ರನ್ನು ಎಲ್ಲರೂ ದೊಡ್ಡ ಸಾಹೇಬರು ಎನ್ನುತ್ತಿದ್ದರು. ಒಂದು ದಿನ ಓಪಿಡಿಗೆ ಸೇಡಂನ ತೊಗರಿ ವ್ಯಾಪಾರಿ ವೀರಭದ್ರಪ್ಪ ಬಂದರು. ಜೊತೆಗೆ ಅವರ ಅಣ್ಣನ ಮಗ. ನಾನು ಹೊಟ್ಟೆ ಮುಟ್ಟಿದೆ, ಗಡ್ಡೆ ಹತ್ತಿತು. ಕಲಿತ ಪ್ರಕಾರ ಕುತ್ತಿಗೆಯ ಬುಡಕ್ಕೆ ಹೋಗಿ ದಾರ ಸರಿಸಿ ಬೆರಳಿಟ್ಟೆ. ಅಣ್ಣನ ಮಗ ನನ್ನ ಮಣಿಕಟ್ಟಿಗೆ ಹೊಡೆದು ಕೈ ತೆಗೆಸಿದ.

"ದಾರಕ್ಕ ಕೈ ಹಚ್ಚಬ್ಯಾಡ. ನೀ ಯಾರ ಪೈಕಿ, ಮೊದಲು ಅದು ಹೇಳು."

ನಮ್ಮಪ್ಪ ಶಹಾಬಾದಿನ ಕಲ್ಲಿನ ಗಣಿಯಲ್ಲಿ ಫರಸಿ ಒಡೆದವನು, ಮನೆಯಲ್ಲಿ ಬುದ್ಧನ ಪಟ. ನಾನು ಯಾರ ಪೈಕಿ ಎಂದು ಓಪಿಡಿಯಲ್ಲಿ ಕೂತವರಿಗೆಲ್ಲ ಗೊತ್ತಿತ್ತು. ಗದ್ದಲ ಕೇಳಿ ದೊಡ್ಡ ಸಾಹೇಬರು ಹೊರಗೆ ಬಂದರು.

"ಹೊಟ್ಟಿ ಬ್ಯಾನಿ ಅಂತ ಬಂದವರಿಗೆ ಕುತ್ತಿಗಿ ಯಾಕ ಹಿಡಿತಿ?" ಎಂದರು. ಸಾಲಿನಲ್ಲಿದ್ದವರು ನಕ್ಕರು.

"ಸರ್, ಗಂಟು ಅದ. ಗಟ್ಟಿ ಅದ. ನೀವೊಮ್ಮೆ ನೋಡ್ರಿ."

"ದಾರ ತಿಕ್ಕಿ ಆಗಿರ್ತದ," ಎಂದು ಅವರು ನೋಡದೆಯೇ ತೀರ್ಪು ಕೊಟ್ಟರು. ನನ್ನ ಪರವಾಗಿ ಆ ಹುಡುಗನ ಕ್ಷಮೆಯನ್ನೂ ಕೇಳಿದರು. ನನ್ನ ಪರವಾಗಿ ಕ್ಷಮೆ ಕೇಳಲು ಅವರಿಗೆ ಯಾರು ಹೇಳಿದ್ದರೋ, ಇವತ್ತಿಗೂ ತಿಳಿದಿಲ್ಲ.

ಮುಂದಿನ ವಾರ ಆಪರೇಷನ್. ನಾನು ಎದುರಿಗೆ ನಿಂತು ಕೈ ನೆರವು ಕೊಡುತ್ತಿದ್ದೆ. ಹೊಟ್ಟೆ ತೆರೆದರೆ ಪಿತ್ತಕೋಶದ ಸುತ್ತ, ಯಕೃತ್ತಿನ ಮೇಲೆ, ಎಲ್ಲೆಲ್ಲೂ ರೋಗ. ಅನ್ನ ಹೋಗಲು ಒಂದು ಬದಲಿ ದಾರಿ ಮಾಡಿ ಮುಚ್ಚೋಣ ಸರ್ ಎಂದೆ. ಅವರು ಬಾಗಿಲ ಕಡೆ ಕಣ್ಣು ತೋರಿಸಿದರು.

"ಹೊರಗ ಇಡೀ ಸೇಡಂ ನಿಂತದ. ಬರಿಗೈಲೆ ಹೋಗಲೇನು?"

ಈ ಬರಿಗೈ ಎಂಬ ಮಾತನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಒಂದು ರೂಢಿ ಇದೆ. ಒಳಗಿಂದ ತೆಗೆದದ್ದನ್ನು ಸ್ಟೀಲಿನ ಟ್ರೇಯಲ್ಲಿಟ್ಟು, ಮೇಲೆ ಬಟ್ಟೆ ಹಾಕಿ, ಥಿಯೇಟರಿನ ಬಾಗಿಲಲ್ಲಿ ಸಂಬಂಧಿಕರಿಗೆ ತೋರಿಸುತ್ತಾರೆ. ಅವರು ಬಾಗಿ ನೋಡುತ್ತಾರೆ, ಎದೆಗೆ ಕೈ ಇಟ್ಟುಕೊಳ್ಳುತ್ತಾರೆ, ಇಷ್ಟು ದೊಡ್ಡದಿತ್ತಾ ಎನ್ನುತ್ತಾರೆ. ಟ್ರೇ ತುಂಬಿದ್ದರೆ ಡಾಕ್ಟರು ದೇವರು. ದೊಡ್ಡ ಸಾಹೇಬರು ಜಠರವನ್ನು ಪೂರ್ತಿ ತೆಗೆದರು. ಹೊರಗೆ ಹೋಗಿ ತೋರಿಸಿದರು. ಅಣ್ಣನ ಮಗ ಅವರ ಕಾಲು ಮುಟ್ಟಿದ, ಸಂಜೆ ಹಾರ ಬಂತು.

ವೀರಭದ್ರಪ್ಪನವರು ಆಮೇಲೆ ಒಂದು ತುತ್ತೂ ತಿನ್ನಲಿಲ್ಲ. ಹೊಲಿದ ಜಾಗ ಸೋರಿತು, ಹೊಟ್ಟೆ ಉಬ್ಬಿತು, ಜ್ವರ ಏರಿತು. ನಾನು ವಾರ್ಡಿಗೆ ಹೋದಾಗಲೆಲ್ಲ ಒಂದೇ ಮಾತು: "ಬಾಯಿ, ಒಂದ್ ಗುಟುಕು ನೀರು ಕೊಡಿಸ್ರಿ." ಒಣಗಿದ ತುಟಿಗೆ ಒದ್ದೆ ಹತ್ತಿ ಒರೆಸುವುದಷ್ಟೇ ನಮಗೆ ಉಳಿದ ಚಿಕಿತ್ಸೆ. ಮನೆಗೆ ಹೋಗಲಿಲ್ಲ, ಅಲ್ಲೇ ತೀರಿಕೊಂಡರು. ದೊಡ್ಡ ಸಾಹೇಬರು ಕೈ ತೊಳೆಯುತ್ತ, "ಆಪರೇಷನ್ ಚಲೋ ಆಗಿತ್ತು, ಅವರ ನಸೀಬ ಸರಿ ಇರಲಿಲ್ಲ," ಎಂದರು. ಗಂಟನ್ನು ಮುಟ್ಟಿದ್ದರೆ ಆ ಮನುಷ್ಯನಿಗೆ ಉಳಿದಿದ್ದ ದಿನಗಳು ಹೀಗೆ ಹೋಗುತ್ತಿರಲಿಲ್ಲ. ನಸೀಬ ಅಂತೆ. ಈ ಮಾತು ನೆನಪಾದಾಗಲೆಲ್ಲ ನನಗೆ ಇವತ್ತಿಗೂ ಹಲ್ಲು ಕಡಿಯುವಂತಾಗುತ್ತದೆ.

ಇಷ್ಟು ಓದಿ ಈ ಮುದುಕಿ ಆಪರೇಷನ್ನಿನ ವಿರೋಧಿ ಎಂದು ತಿಳಿಯಬೇಡಿ. ಕತ್ತಿ ನನ್ನ ಅನ್ನ. ವಾಡಿ ಜಂಕ್ಷನ್ನಿನ ಖಾಜಾ ಮಿಯಾನನ್ನು ಕೇಳಿ. ರೈಲಿನಲ್ಲಿ ಪಾಯಿಂಟ್ಸ್‌ಮನ್, ಗಾಡಿಗಳನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಕೆಲಸ. ಅವನ ರೋಗ ಜಠರದ ಗೋಡೆಯನ್ನು ದಾಟಿ ಅಕ್ಕಪಕ್ಕದ ಗ್ರಂಥಿಗಳಿಗೆ ಬಂದಿತ್ತು, ಆದರೆ ದೂರ ಹೋಗಿರಲಿಲ್ಲ. ಅಷ್ಟರಲ್ಲಿ ಪದ್ಧತಿ ಬದಲಾಗಿತ್ತು. ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಪೊರೆಯ ಮೇಲೆ ರೋಗ ಚೆಲ್ಲಿದೆಯೋ ಎಂದು ಮೊದಲು ನೋಡುವುದು, ಚೆಲ್ಲಿರದಿದ್ದರೆ ಕೆಲವು ಸುತ್ತು ಕೀಮೋ ಔಷಧ ಕೊಟ್ಟು ಗಡ್ಡೆಯನ್ನು ಕುಗ್ಗಿಸುವುದು, ಆಮೇಲೆ ಕತ್ತಿ, ಮತ್ತೆ ಔಷಧ. ಖಾಜಾ ಮಿಯಾನಿಗೆ ಇದು ಒಪ್ಪಿಗೆಯಾಗಲಿಲ್ಲ.

"ದುಶ್ಮನ್ ಹೊಟ್ಟ್ಯಾಗ ಕುಂತಾನ, ನೀವು ನೋಡಿದ್ರ ಸಲೈನ್ ಹಚ್ಕೋ ಅಂತೀರಿ. ಮೊದಲು ಕೊಯ್ದು ಒಗೀರಿ ಬಾಯಿ."

"ಸಿಗ್ನಲ್ ಬೀಳಕಿಂತ ಮೊದಲ ಗಾಡಿ ಬಿಡ್ತಿ ಏನು ನೀ?" ಎಂದೆ.

ಅವನು ಗಡ್ಡ ಕೆರೆದುಕೊಂಡು, "ನೌಕರಿ ಹೋಗ್ತದ್ರಿ," ಎಂದ. ಒಪ್ಪಿದ.

ಔಷಧದ ಸುತ್ತು ಮುಗಿದ ಮೇಲೆ ಕಲಬುರಗಿಯಲ್ಲಿ ಕ್ಯಾನ್ಸರ್ ಸರ್ಜನ್ ಒಬ್ಬರು ಜಠರದ ಬಹುಭಾಗವನ್ನೂ ಸುತ್ತಲ ಗ್ರಂಥಿಗಳನ್ನೂ ಅಚ್ಚುಕಟ್ಟಾಗಿ ತೆಗೆದರು. ನಾನೂ ಹೋಗಿ ನಿಂತಿದ್ದೆ. ಅವನು ಈಗಲೂ ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಜೇಬಿನ ತುಂಬ ಬಿಸ್ಕೀಟು ಇಟ್ಟುಕೊಂಡು ಸ್ವಲ್ಪ ಸ್ವಲ್ಪವೇ ತಿನ್ನುತ್ತ ಓಡಾಡುತ್ತಾನೆ. ನನ್ನನ್ನು ಕಂಡರೆ ಹಸಿರು ಬಾವುಟ ಬೀಸಿ ಮರ್ಯಾದೆ ತೆಗೆಯುತ್ತಾನೆ. ಅಲ್ಲಿ ಕತ್ತಿ ಬೇಕಿತ್ತು, ಬೇಕಾದ ಹೊತ್ತಿಗೆ ಬಂತು. ವೀರಭದ್ರಪ್ಪನವರಲ್ಲಿ ಬೇಡವಿತ್ತು, ಬಂತು.

ಈಗ ಶರಣಮ್ಮ ಅಕ್ಕೋರ ವಿಷಯ. ನಮ್ಮ ಕಡೆ ಸಾಲೆಯ ಟೀಚರಮ್ಮನಿಗೆ ಅಕ್ಕೋರು ಎನ್ನುತ್ತಾರೆ. ಚಿತ್ತಾಪುರದ ಕನ್ನಡ ಸಾಲೆಯಲ್ಲಿ ದುಡಿದು ನಿವೃತ್ತರಾದವರು. ಹಿರಿಯ ಮಗ ಮಲ್ಲಿಕಾರ್ಜುನನಿಗೆ ಮಾರ್ಕೆಟ್ಟಿನಲ್ಲಿ ಬಟ್ಟೆ ಅಂಗಡಿ. ನನ್ನ ನೌಕರಿಯ ಕೊನೆಯ ವರ್ಷಗಳು, ಆಗ ನಾನು ಚಿತ್ತಾಪುರದಲ್ಲಿದ್ದೆ. ಮಗ ತಾಯಿಯನ್ನು ಕರೆತಂದದ್ದು ನನ್ನ ಚಿಕಿತ್ಸೆಗಲ್ಲ. ದೊಡ್ಡ ಊರಿನ ಖಾಸಗಿ ಆಸ್ಪತ್ರೆಯೊಂದು ಗಂಟಲಿನಿಂದ ಹೊಟ್ಟೆಗೆ ದುರ್ಬೀನು ಇಳಿಸಿ ನೋಡಿ, ಜಠರದಲ್ಲಿ ಕ್ಯಾನ್ಸರ್ ಇದೆ, ಪೂರ್ತಿ ತೆಗೆದು ಕೊಡುತ್ತೇವೆ ಎಂದು ಮಾತು ಕೊಟ್ಟಿತ್ತು. ಅಲ್ಲಿಗೆ ಹೊರಡುವ ಮುಂಚೆ ಶರಣಮ್ಮನವರು ನೀರು ಕುಡಿದರೂ ಕಕ್ಕುತ್ತಿದ್ದರು. ಎರಡು ಬಾಟಲಿ ಸಲೈನ್ ಹಾಕಿ ಗಾಡಿ ಹತ್ತಿಸಿ ಎಂದು ಮಗ ಕೇಳಿಕೊಂಡ. ತಾಯಿಗೆ ಹೇಳಿದ್ದು ಅಲ್ಸರ್ ಎಂದು.

ನಾನು ಮಲಗಿಸಿ ಪರೀಕ್ಷೆ ಮಾಡಿದೆ. ಕೈ ಕುತ್ತಿಗೆಯ ಬುಡಕ್ಕೆ ಹೋದಾಗ ಮಲ್ಲಿಕಾರ್ಜುನ ಮೆಲ್ಲಗೆ, ಬಹಳ ಸಭ್ಯವಾಗಿ ಹೇಳಿದ: "ಬಾಯಿ, ದಾರ ಒಂದು ಬಿಟ್ಟು ನೋಡ್ರಿ."

ಹೊಡೆತದ ಬದಲು ಮಾತಿನ ಕೊನೆಗೆ "ರಿ" ಬಂದಿತ್ತು, ಅಷ್ಟೇ ಫರಕು. ಇಷ್ಟು ವರ್ಷವಾದ ಮೇಲೂ ಅದೇ ದಾರ, ಅದೇ ಮಾತು. ನನ್ನ ಮುಖ ಬಿಗಿದದ್ದನ್ನು ಶರಣಮ್ಮನವರು ಕಂಡರು.

"ಅವರು ನೋಡಲಿ ಬಿಡು," ಎಂದರು. "ಅಲ್ಲೊಂದು ಗುಳ್ಳಿ ಅದರಿ. ದಾರ ತಿಕ್ಕಿ ಆಗ್ಯಾದ. ಅದಕ್ಕ ರೇಶ್ಮಿ ದಾರ ಮಾಡ್ಸೀನಿ, ಆದರೂ ಹೋಗವಲ್ದು."

ಬೆರಳಿಗೆ ಹತ್ತಿತು. ಗಟ್ಟಿ, ಅಲುಗದ ಗಂಟು. ಸೂಜಿಯಿಂದ ಚುಚ್ಚಿ ತೆಗೆದ ಹನಿಯನ್ನು ಪರೀಕ್ಷೆಗೆ ಕಳಿಸಿದೆ, ವಾಂತಿಗೆ ಮೂಗಿನಿಂದ ನಳಿಕೆ ಹಾಕಿ ಅಲ್ಲೇ ಇರಿಸಿಕೊಂಡೆ. ಫಲಿತಾಂಶ ಬಂತು. ಹೊಟ್ಟೆಯ ರೋಗವೇ. ದುರ್ಬೀನು ಹಾಕಿದ ಆಸ್ಪತ್ರೆಯಲ್ಲಿ ಅಷ್ಟು ಯಂತ್ರಗಳಿದ್ದವು, ಅಷ್ಟು ಜನ ಡಾಕ್ಟರುಗಳಿದ್ದರು, ಒಬ್ಬರ ಬೆರಳೂ ದಾರದ ಕೆಳಗೆ ಹೋಗಿರಲಿಲ್ಲ.

ಮಗನನ್ನು ಹೊರಗೆ ಕರೆದೆ. ಹೀಗೆ ಹೊರಗೆ ಕರೆಯುವುದೇ ನಮ್ಮ ಕೆಟ್ಟ ಚಾಳಿ. ರೋಗಿ ಒಳಗೆ, ರೋಗದ ಮಾತು ವರಾಂಡದಲ್ಲಿ. ಜಠರ ತೆಗೆಸಿದರೆ ರೋಗ ಹೋಗುವುದಿಲ್ಲ, ಆಯುಷ್ಯವೂ ಬೆಳೆಯುವುದಿಲ್ಲ, ಉಳಿದ ದಿನಗಳಲ್ಲಿ ಎಷ್ಟೋ ಆಸ್ಪತ್ರೆಯ ಮಂಚದ ಮೇಲೆ ಹೋಗುತ್ತವೆ ಎಂದು ಹೇಳಿದೆ. ಮುಚ್ಚಿದ ದಾರಿಗೆ ಬದಲಿ ದಾರಿ ಮಾಡಿ ಹೊಲಿಯುತ್ತೇನೆ, ತಿನ್ನಲು ಬರುತ್ತದೆ, ಆಮೇಲೆ ಶಕ್ತಿ ಬಂದರೆ ಕೀಮೋ ಎಂದೆ.

"ಅಂದ್ರ ಗಡ್ಡಿ ಒಳಗೇ ಬಿಡ್ತೀರಿ?" ಅವನ ದನಿ ಏರಿತು. "ಹೊಟ್ಟಿ ಕೊಯ್ದ ಮ್ಯಾಲ ಅರ್ಧಾ ಕೆಲಸ ಮಾಡಿ ಬಿಡದು ಯಾತರ ಆಪರೇಷನ್ ಬಾಯಿ? ಅಲ್ಲಿ ಪೂರಾ ತೆಗಿತೀವಿ ಅಂದಾರ."

"ಅವರು ಕುತ್ತಿಗಿ ಮುಟ್ಟಿ ಅಂದಾರೇನು?"

ಅವನು ಒಳಗಿನ ಮಂಚದ ಕಡೆ ನೋಡಿದ. "ನಮ್ಮವ್ವಗ ಮಾತ್ರ ಹೇಳಬ್ಯಾಡ್ರಿ. ಕೇಳಿದ್ರ ಆವಾಗೇ ಎದಿ ಒಡೀತದ," ಎಂದ. ಅವನ ಕಣ್ಣಲ್ಲಿ ನೀರಿತ್ತು. ಕೆಟ್ಟ ಮಗನಲ್ಲ. ಒಳ್ಳೆಯ ಮಕ್ಕಳೇ ಇದನ್ನು ಮಾಡುವುದು, ಅದೇ ನನ್ನ ತಕರಾರು. ಹೊಟ್ಟೆ ಅವರದು, ನೋವು ಅವರದು, ಸಾಯಬೇಕಾದವರೂ ಅವರೇ. ಮಾತು ಮಾತ್ರ ನಮ್ಮ ನಮ್ಮಲ್ಲಿ.

ಒಳಗಿಂದ ದನಿ ಬಂತು. ನಳಿಕೆ ಹಾಕಿದ ಗಂಟಲಿನದೇ ಆದರೂ ಸಾಲೆಯ ದನಿ, ಕೊನೆಯ ಬೆಂಚಿಗೂ ಕೇಳುವಂಥದು.

"ಹೊರಗ ಏನ್ ಮಾತಾಡಲಿಕತ್ತೀರಿ ಇಬ್ಬರೂ? ಒಳಗ ಬರ್ರಿ. ನನ್ನ ಬಗ್ಗೆ ಇದ್ರ ನನಗ ಹೇಳ್ರಿ."

ಒಳಗೆ ಹೋದೆವು. ಸ್ಟೂಲು ಎಳೆದು ಕೂತೆ. ಮಗ ನನ್ನತ್ತ ಕೈ ಮುಗಿದು ತಲೆ ಅಲ್ಲಾಡಿಸುತ್ತಿದ್ದ. ನಾನು ಅವನನ್ನು ನೋಡಲಿಲ್ಲ. "ಅಕ್ಕೋರೇ, ಇದು ಅಲ್ಸರ್ ಅಲ್ಲ," ಎಂದು ಶುರುಮಾಡಿ, ಕ್ಯಾನ್ಸರ್ ಎಂಬ ಪದವನ್ನೇ ಬಳಸಿ, ಗಂಟಿನ ಅರ್ಥವನ್ನೂ ಹೇಳಿದೆ. ಅವರು ದಾರದ ಕೆಳಗೆ ತಮ್ಮ ಬೆರಳನ್ನೇ ಇಟ್ಟು ಒತ್ತಿಕೊಂಡು ನೋಡಿದರು. ಆಮೇಲೆ ಮಗನ ಕಡೆ ತಿರುಗಿದರು.

"ನಿನಗ ಯಾವಾಗಿಂದ ಗೊತ್ತು?"

"ದೀಪಾವಳಿ ಮುಂಚಿಲಿಂದ, ಅವ್ವಾ."

"ನಾ ಫೇಲಾದ ಹುಡುಗರಿಗಿ ಮಾರಿಗೆ ಮಾರಿ ಕೊಟ್ಟು, ನೀ ಫೇಲಾಗೀದಿ ಅಂತ ಹೇಳ್ತಿದ್ದೆ. ಹತ್ತು ವರ್ಷದ ಕೂಸಿಗೆ. ಅವು ಅಳ್ತಿದ್ದವು, ಮತ್ತ ಓದ್ತಿದ್ದವು. ನನ್ನ ರಿಜಲ್ಟ್ ನೀ ಕಿಸೇದಾಗ ಇಟ್ಕೊಂಡು ತಿರುಗಾಡಿದಿ. ಭಾಳ ದೊಡ್ಡವ ಆಗೀದಿ." ದನಿ ನಡುಗುತ್ತಿತ್ತು. ಅದು ಅಂಜಿಕೆಯದಲ್ಲ, ಸಿಟ್ಟಿನದು. ನನ್ನ ಜೀವಕ್ಕೆ ಹತ್ತಿರವಾದ ಸಿಟ್ಟು.

ಮಗ ಅತ್ತ. ಅವರು ಅಳಲಿಲ್ಲ. ನನ್ನನ್ನು ಕೇಳಿದರು: "ಏನೇನು ದಾರಿ ಅವ? ಒಂದೊಂದೇ ಹೇಳ್ರಿ."

ಹೇಳಿದೆ. ವಾಡಿ ಜಂಕ್ಷನ್ನನ್ನೇ ಉದಾಹರಣೆಗೆ ತಂದೆ. ಮೇನ್ ಲೈನ್ ಮುಚ್ಚಿದೆ, ಅಲ್ಲಿ ಬಿದ್ದದ್ದನ್ನು ಎತ್ತಿ ತೆಗೆಯಲು ಆಗುವುದಿಲ್ಲ, ಗಾಡಿಯನ್ನು ಲೂಪ್ ಲೈನಿಗೆ ಹಾಕಿ ಮುಂದೆ ಕಳಿಸುತ್ತೇನೆ ಎಂದೆ. ಜಠರದ ಮೇಲ್ಭಾಗಕ್ಕೂ ಸಣ್ಣ ಕರುಳಿಗೂ ಹೊಸ ಬಾಯಿ ಮಾಡಿ ಹೊಲಿಯುವುದು. ರೋಗ ಇದ್ದಲ್ಲೇ ಇರುತ್ತದೆ, ಊಟ ಇಳಿಯುತ್ತದೆ. ಇದಕ್ಕೂ ಅಪಾಯ ಇದ್ದೇ ಇದೆ. ಏನೂ ಮಾಡಿಸದೆ ಮನೆಗೆ ಹೋಗುವುದೂ ಒಂದು ದಾರಿ, ಆಗಲೂ ನಾನು ನೋವಿಗೆ ಔಷಧ ಕೊಡುತ್ತೇನೆ.

"ಎಷ್ಟು ದಿನ ಇರ್ತೀನಿ?"

"ಗೊತ್ತಿಲ್ಲರಿ. ತಿಂಗಳ ಲೆಕ್ಕ ಇರಬಹುದು. ಸುಳ್ಳು ಹೇಳಾಂಗಿಲ್ಲ."

"ರೊಟ್ಟಿ ತಿನ್ನಾಕ ಬರ್ತದೇನು?"

"ಹಾಲಿನಾಗ ನೆನಸಿ, ಜರಾ ಜರಾ. ಬರ್ತದ."

"ಹಂಗಾದ್ರ ಲೂಪ್ ಲೈನ್ ಹಾಕ್ರಿ," ಎಂದರು. ಮಗನಿಗೆ, "ಆ ದೊಡ್ಡ ಊರಿನ ಮಂದಿಗಿ ಫೋನ್ ಮಾಡಿ ಬರಂಗಿಲ್ಲ ಅಂತ ಹೇಳು," ಎಂದರು.

ಆಪರೇಷನ್ ಬೆಳಗ್ಗೆ. ಥಿಯೇಟರಿನ ಬಾಗಿಲಲ್ಲಿ ಸಿಸ್ಟರ್ ಒಡವೆ, ದಾರ ಎಲ್ಲ ತೆಗೆಯಬೇಕು ಎಂದಾಗ ಮಲ್ಲಿಕಾರ್ಜುನ ಲಿಂಗವನ್ನು ತಾನು ಇಟ್ಟುಕೊಳ್ಳುತ್ತೇನೆ ಎಂದು ಕೈ ಚಾಚಿದ. ಶರಣಮ್ಮನವರು ಕೊಡಲಿಲ್ಲ. ಜೀವ ಇರುವತನಕ ಅದು ಮೈಯಿಂದ ಇಳಿಯುವಂತಿಲ್ಲ ಎಂದರು. ನನಗೆ ಈ ಸಮಸ್ಯೆ ಹೊಸದಲ್ಲ. ಲಿಂಗವನ್ನು ಶುದ್ಧ ಬಟ್ಟೆಯಲ್ಲಿ ಸುತ್ತಿ ಎಡ ಅಂಗೈಗೆ ಬ್ಯಾಂಡೇಜಿನಿಂದ ಕಟ್ಟಿಬಿಟ್ಟರೆ ಯಾರಿಗೂ ತೊಂದರೆಯಿಲ್ಲ, ಸೂಜಿ ಬಲಗೈಗೆ. ಕಟ್ಟುವ ಕೆಲಸವನ್ನು ಮಾತ್ರ ಅಷ್ಟು ವರ್ಷವೂ ಮನೆಯವರಿಂದಲೇ ಮಾಡಿಸುತ್ತಿದ್ದೆ.

"ನೀವೇ ಕಟ್ಟರಿ," ಎಂದು ಅವರು ಅಂಗೈ ನನ್ನ ಮುಂದೆ ಹಿಡಿದರು.

"ಅವ್ವಾ, ಅವರು..." ಎಂದ ಮಗ.

"ಲಿಂಗಕ್ಕ ಮೈಲಿಗಿ ಇಲ್ಲ ಅಂತ ಮಠದಾಗ ಮೈಕ್ ಹಿಡ್ಕೊಂಡು ಭಾಷಣ ಮಾಡಾವ ನೀನೇ ಅಲ್ಲೇನು? ಈಗ ಸುಮ್ಮ ನಿಂದ್ರು."

ನಾನು ಕಟ್ಟಿದೆ. ಬ್ಯಾಂಡೇಜು ಸಡಿಲವಾಗದಂತೆ ಇನ್ನೊಂದು ಸುತ್ತು ಹಾಕಿದೆ.

ಕೆಲಸ ಮುಗಿದ ಮೇಲೆ ಹೊರಗೆ ಬಂದೆ. ಅಣ್ಣತಮ್ಮಂದಿರು, ಬೀಗರು, ಮಾರ್ಕೆಟ್ಟಿನ ನಾಲ್ಕಾರು ಜನ. ಎಲ್ಲರ ಕಣ್ಣು ನನ್ನ ಮುಖದ ಮೇಲಲ್ಲ, ಕೈಯ ಮೇಲೆ.

"ಟ್ರೇ ಎಲ್ಲ್ಯದರಿ?" ಎಂದರು ಬೀಗರು. "ಏನೂ ತೆಗೆದಿಲ್ಲೇನು?"

ಈ ಸಲ ಉತ್ತರ ಕೊಟ್ಟವನು ಮಲ್ಲಿಕಾರ್ಜುನ. "ತೆಗಿಯಾದು ಇದ್ದಿಲ್ಲ ಮಾವ," ಎಂದ. ಅಷ್ಟು ಹೇಳುವುದು ಅವನಿಗೆ ಸುಲಭವಾಗಿರಲಿಲ್ಲ. ಬೀಗರು ಗೊಣಗುತ್ತ ಹೋದರು. ಸರಕಾರಿ ದವಾಖಾನಿಯೊಳಗ ಬರೇ ಹೊಲಿಗಿ ಹಾಕ್ಯಾರ ಎಂದು ಊರಲ್ಲಿ ಸುದ್ದಿ ಹಬ್ಬಿತು. ಹಾರವಂತೂ ಬರಲಿಲ್ಲ.

ಗಾಯ ಒಣಗಿತು. ನಳಿಕೆ ತೆಗೆದೆವು. ಮೊದಲು ನೀರು, ಆಮೇಲೆ ಗಂಜಿ, ಆಮೇಲೆ ಹಾಲಿನಲ್ಲಿ ನೆನೆಸಿದ ರೊಟ್ಟಿಯ ಒಂದು ಚೂರು. ಅವರು ಅದನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಅಗಿದರು. ವಾಂತಿಯಾಗಲಿಲ್ಲ. ಕಲಬುರಗಿಗೆ ಹೋಗಿ ಕೀಮೋ ತೆಗೆದುಕೊಂಡರು. ಮನೆಯಲ್ಲಿ ಮೊಮ್ಮಕ್ಕಳಿಗೆ ಪಾಠ ಹೇಳಿದರು, ಸೊಸೆಯೊಂದಿಗೆ ಜಗಳವಾಡಿದರು, ಮಾರ್ಕೆಟ್ಟಿಗೆ ಹೋಗಿ ಅಂಗಡಿಯಲ್ಲಿ ಕೂತರು. ಯಾರಿಗೆ ಏನು ಕೊಡಬೇಕು, ತಮ್ಮನ್ನು ಎಲ್ಲಿ ಮಣ್ಣು ಮಾಡಬೇಕು ಎಂದು ತಾವೇ ಹೇಳಿದರು. ರೋಗ ತನ್ನ ಕೆಲಸ ತಾನು ಮಾಡುತ್ತಲೇ ಇತ್ತು. ಆ ತಿಂಗಳುಗಳನ್ನು ಅವರು ತಿಳಿದು ಬದುಕಿದರು. ಅವನ್ನೇ ಆ ದೊಡ್ಡ ಆಸ್ಪತ್ರೆ ಟ್ರೇಯಲ್ಲಿಟ್ಟು ತೋರಿಸಿ ಮುಗಿಸಿಬಿಡುತ್ತಿತ್ತು.

ಮರ ಚಿಗುರುವ ಹೊತ್ತಿಗೆ ಹೊಟ್ಟೆಯಲ್ಲಿ ನೀರು ತುಂಬಿ ಮತ್ತೆ ನಮ್ಮ ವಾರ್ಡಿಗೆ ಬಂದರು. ಇನ್ನು ಕತ್ತಿಯ ಕೆಲಸವಿರಲಿಲ್ಲ. ನೀರು ತೆಗೆದು ಉಸಿರಾಟ ಹಗುರ ಮಾಡುವುದು, ನೋವಿಗೆ ಔಷಧ, ಇಷ್ಟೇ. ಆ ವಾರ ಮೂವರು ಹೊಸ ಡಾಕ್ಟರುಗಳು ಕೆಲಸಕ್ಕೆ ಬಂದಿದ್ದರು. ರೌಂಡ್ಸಿನಲ್ಲಿ ಮಂಚದ ತುದಿಗೆ ನಿಂತು ಒಬ್ಬ ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ಓದತೊಡಗಿದ. ರೋಗಿಯ ಕಡೆ ಬೆನ್ನು. ನನಗೆ ರೇಗಿತು. ಬಾಯಿ ತೆರೆಯುವುದರೊಳಗೆ ಶರಣಮ್ಮನವರೇ ಕೈ ಎತ್ತಿದರು.

"ಅದು ಆಮ್ಯಾಗ ಓದಕೋರಿ. ಮೊದಲು ಇಲ್ಲಿ ಬರ್ರಿ. ಸಾಲಾಗಿ, ಒಬ್ಬೊಬ್ಬರೇ."

ಮೊದಲು ಬಂದವಳು ಸುಜಾತಾ. ವಾಡಿಯ ಕಾರ್ಮಿಕರ ಕ್ವಾರ್ಟರ್ಸಿನಲ್ಲಿ ಬೆಳೆದ ಹುಡುಗಿ, ನಮ್ಮ ಪೈಕಿಯವಳೇ. ಬೆರಳು ಕೊರಳ ಹತ್ತಿರ ಹೋಯಿತು, ರೇಷ್ಮೆಯ ದಾರ ಕಂಡಿತು, ಅಲ್ಲೇ ನಿಂತಿತು. ಅವಳು ಪಕ್ಕದಲ್ಲಿದ್ದ ಮಗನ ಮುಖ ನೋಡಿದಳು. ಎಷ್ಟು ಓದಿದ್ದರೂ ಆ ನೋಟವನ್ನು ನಮಗೆ ಮನೆಯಲ್ಲೇ ಕಲಿಸಿರುತ್ತಾರೆ. ನನಗೆ ಆ ಕ್ಷಣ ಇಡೀ ಊರಿನ ಮೇಲೆ ಸಿಟ್ಟು ಬಂತು.

ಮಲ್ಲಿಕಾರ್ಜುನ ಎದ್ದ. ಬಾಗಿ, ತಾಯಿಯ ಕೊರಳಿನ ದಾರವನ್ನು ಎರಡು ಬೆರಳಿಂದ ಎತ್ತಿ ಪಕ್ಕಕ್ಕೆ ಹಿಡಿದ. "ಮುಟ್ಟರಿ ಮೇಡಂ," ಎಂದ.

ಶರಣಮ್ಮನವರು ಸುಜಾತಾಳ ಬೆರಳನ್ನು ತಾವೇ ಹಿಡಿದು ಗಂಟಿನ ಮೇಲೆ ಇಟ್ಟರು.

"ಒತ್ತು. ಸಿಕ್ತೇನು?"

"ಸಿಕ್ತರಿ ಅಕ್ಕೋರೇ."

"ಇದು ಸಿಕ್ಕರ ಟ್ರೇ ತರ್ಸಬ್ಯಾಡ. ಹೊರಗ ಹೋಗಿ ಯಾರ ಕಿವಿಯಾಗೂ ಹೇಳಬ್ಯಾಡ. ಸ್ಟೂಲ್ ಎಳಕೊಂಡು ಕುಂತು, ಯಾರ ಹೊಟ್ಟಿ ಅದನೋ ಅವರಿಗಿ ಹೇಳು. ತಿಳೀತೇನು?"

"ತಿಳೀತ್ರಿ."

ಅವರು ಉಸಿರು ತೆಗೆದುಕೊಳ್ಳಲು ಮಾತು ನಿಲ್ಲಿಸಿದರು. ಮಗ ದಾರವನ್ನು ಎತ್ತಿ ಹಿಡಿದೇ ಇದ್ದ. ಆಮೇಲೆ ಅವರು ಸುಜಾತಾಳ ಕೈ ಬಿಟ್ಟು, ಫಿಲ್ಮು ಹಿಡಿದು ನಿಂತಿದ್ದ ಹುಡುಗನ ಕಡೆ ನೋಡಿ, "ಮುಂದಿನವರು ಬರ್ರಿ," ಎಂದರು.